ಚೆನ್ ತು-ಹ್ಸಿಯು, ಚೆನ್ ದುಶ್ಯೂ ಒಬ್ಬರೇ

ನಿಮ್ಮ ಹಳೆಯ ಮತ್ತು ಹೊಸ ಪುಸ್ತಕಗಳಲ್ಲಿ ಈ ಚೀನೀ ಹೆಸರುಗಳು ಬೇರೆಬೇರೆಯಾಗಿವೆ, ಇವರು ಒಬ್ಬರೋ ಇಬ್ಬರೋ ಎಂದು ಕೇಳಿದ್ದೀರಿ. ಇದು ಇಂಗ್ಲಿಷ್ ಕಾಗುಣಿತದ ತಕರಾರು. ಚೀನೀ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ವೇಡ್-ಜೈಲ್ಸ್, ಪಿನ್ಯಿನ್ ಎಂಬ ಎರಡು ಪದ್ಧತಿಗಳಿವೆ. ನಿಮ್ಮ 60ರ ದಶಕದ ಪುಸ್ತಕ ವೇಡ್-ಜೈಲ್ಸ್ ಪದ್ಧತಿಯಲ್ಲಿರುತ್ತದೆ, ಹೊಸದು ಪಿನ್ಯಿನ್‌ನಲ್ಲಿ. ಪಿನ್ಯಿನ್ ಚೀನಾದಲ್ಲಿ ಜಾರಿಗೆ ಬಂದದ್ದೇ 1958ರಲ್ಲಿ. ನನ್ನ ಸೆಮಿನಾರ್ ಪ್ರಬಂಧದಲ್ಲೂ ಒಬ್ಬರೇ ಇಬ್ಬರಾಗಿದ್ದರು!

ಮೊದಲು ಹಳೆಯ ಪುಸ್ತಕದ ಹೆಸರುಗಳನ್ನು ಪಟ್ಟಿ ಮಾಡಿ. ಎಚ್‌ಎಸ್ ಇದ್ದಲ್ಲಿ ಎಕ್ಸ್ ಬರೆಯಿರಿ. ಅಪಾಸ್ಟ್ರಫಿ ಇಲ್ಲದ ಟಿ ಡಿ ಆಗುತ್ತದೆ, ಇದ್ದರೆ ಟಿಯಾಗಿಯೇ ಉಳಿಯುತ್ತದೆ. ಕಾಟ ಕೊಡುವುದು ಸಿಎಚ್: ಅಪಾಸ್ಟ್ರಫಿ ಇದ್ದರೆ ಸಿಎಚ್ ಅಥವಾ ಕ್ಯೂ, ಇಲ್ಲದಿದ್ದರೆ ಜೆ ಅಥವಾ ಜೆಡ್‌ಎಚ್. ಚಿಂತಕ ಲಿಯಾಂಗ್ ಚಿಚಾವೊ ಅವರ ಹೆಸರಿನ ‘ಚಿಚಾವೊ’ ಹೊಸ ಪುಸ್ತಕದಲ್ಲಿ ಕ್ಯೂ ಅಕ್ಷರದಿಂದ ಶುರುವಾಗುವುದು ಇದಕ್ಕೇ.

ಆಮೇಲೆ ಕೆಲಸ, ಇಸವಿ ತಾಳೆ ನೋಡಿ. 1915ರಲ್ಲಿ ಶಾಂಘೈನಲ್ಲಿ ‘ಹೊಸ ಯೌವನ’ ಪತ್ರಿಕೆ ಶುರು ಮಾಡಿ, 1921ರಲ್ಲಿ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲಿ ಒಬ್ಬರು ಎಂದು ಎರಡೂ ಕಡೆ ಇದ್ದರೆ ಅವರೇ ಚೆನ್. ಅದೇ ಪತ್ರಿಕೆಯಲ್ಲಿ 1917ರಲ್ಲಿ ಆಡುಭಾಷೆಯ ಪರ ಬರೆದ ಹು ಶೀ ಬೇರೆಯವರು. ಮುಂದೆ ಅಮೆರಿಕಕ್ಕೆ ರಾಯಭಾರಿಯಾಗಿ, ತೈವಾನಿನಲ್ಲಿ ತೀರಿಕೊಂಡರು.

ಕಾವ್ಯನಾಮಕ್ಕೆ ಈ ಸೂತ್ರ ನಡೆಯುವುದಿಲ್ಲ. ಲೇಖಕ ಲು ಶುನ್ ಅಂದರೆ ಝೌ ಶುರೆನ್. ಆದರೆ ಝೌ ಝುವೊರೆನ್ ನಿಜಕ್ಕೂ ಬೇರೆ, ಅವರ ತಮ್ಮ.

ನಿಮ್ಮ ಪುಸ್ತಕಗಳನ್ನು ನಾನು ನೋಡಿಲ್ಲ. ಅನುಮಾನ ಉಳಿದರೆ ಕೊನೆಯ ಸೂಚಿಯಲ್ಲಿ ಹೆಸರಿನ ಪಕ್ಕದ ಚೀನೀ ಅಕ್ಷರಗಳನ್ನು ಹೋಲಿಸಿ. ಪ್ರಬಂಧದಲ್ಲಿ ಪಿನ್ಯಿನ್ ಒಂದನ್ನೇ ಬಳಸಿ, ಹಳೆಯ ರೂಪವನ್ನು ಮೊದಲ ಸಲ ಮಾತ್ರ ಆವರಣದಲ್ಲಿ ಕೊಡಿ. ಚೆನ್, ಹು, ಲಿಯಾಂಗ್ ಮನೆತನದ ಹೆಸರುಗಳು, ಹಿಂದುಮುಂದು ಮಾಡಬೇಡಿ.