ಮಗಳಿಗೆ ಈ ಫ್ರೆಂಚ್ ಕಾದಂಬರಿಯನ್ನು ಓದಲು ಕೊಡಬಹುದೇ?

ಕಾಲೇಜಿಗೆ ಹೋಗುವ ಮಗಳು ಲಾಕ್ಲೋನ ‘ಲೆ ಲಿಯೆಜೋಂ ದಾಂಜರೂಜ್’, ಅಂದರೆ ‘ಅಪಾಯಕಾರಿ ಸಂಬಂಧಗಳು’, ಓದಬೇಕೆಂದು ಹಟ ಹಿಡಿದಿದ್ದಾಳೆ. ಹೆಣ್ಣನ್ನು ಬಲೆಗೆ ಬೀಳಿಸುವುದು ಹೇಗೆಂದು ಕಲಿಸುವ ಪುಸ್ತಕವಂತೆ, ಕೊಡಬಹುದೇ ಎಂದು ಕೇಳಿದ್ದೀರಿ.

ಕೊಡಿ. ಆದರೆ ಮೊದಲು ನೀವು ಓದಿ. ಬಲೆ ಹೆಣೆಯುವುದನ್ನು ಅದು ತೋರಿಸುತ್ತದೆ ಎಂಬುದು ಸುಳ್ಳಲ್ಲ, ಒಂದೊಂದೇ ಗಂಟು ಬಿಚ್ಚಿ ತೋರಿಸುತ್ತದೆ.

ಫಿರಂಗಿದಳದ ಅಧಿಕಾರಿಯಾಗಿದ್ದ ಲಾಕ್ಲೋ 1782ರಲ್ಲಿ ಪ್ರಕಟಿಸಿದ ಪುಸ್ತಕ ಇದು. ಒಟ್ಟು 175 ಪತ್ರಗಳು, ನಡುವೆ ನಿರೂಪಕನಿಲ್ಲ. ವಿಧವೆಯಾದ ಮಾರ್ಕೀಸ್ ಮೆರ್ತೇಯ್ ಮತ್ತು ಅವಳ ಹಳೆಯ ಪ್ರಿಯಕರ ವಾಲ್ಮೋಂ ಒಬ್ಬರಿಗೊಬ್ಬರು ತಮ್ಮ ಬೇಟೆಯ ವರದಿ ಬರೆಯುತ್ತಾರೆ. ಬೇಟೆ ಇಬ್ಬರು: ದೈವಭಕ್ತೆ ಗೃಹಿಣಿ ತೂರ್ವೆಲ್, ಮತ್ತು ಕಾನ್ವೆಂಟಿನಿಂದ, ಅಂದರೆ ಕ್ರೈಸ್ತ ಸನ್ಯಾಸಿನಿಯರ ಮಠದಿಂದ, ಆಗಷ್ಟೇ ಹೊರಬಂದ ಹದಿನೈದರ ಸೆಸಿಲ್.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಇಂಗ್ಲಿಷ್ ಅನುವಾದ ಓದಿದಾಗ ನಾನು ಸಂಪೂರ್ಣ ವಾಲ್ಮೋಂನ ಪಕ್ಷ. ಅವನ ಮಾತಿನ ಸೊಗಸೇ ಅಂಥದ್ದು. ಇಪ್ಪತ್ತೊಂದನೆಯ ಪತ್ರವನ್ನೇ ನೋಡಿ. ತೂರ್ವೆಲ್ ತನ್ನ ಹಿಂದೆ ಆಳನ್ನು ಬಿಟ್ಟಿದ್ದಾಳೆಂದು ಅವನಿಗೆ ಗೊತ್ತು. ಹಾಗಾಗಿ ತೆರಿಗೆ ಬಾಕಿಗೆ ಸಾಮಾನು ಜಪ್ತಿಯಾಗಲಿದ್ದ ಬಡ ಕುಟುಂಬವೊಂದನ್ನು ಮೊದಲೇ ಹುಡುಕಿಸಿ, ಆ ಮನೆಯಲ್ಲಿ ಸಂಶಯಕ್ಕೆ ಎಡೆಕೊಡುವಂಥ ಹುಡುಗಿ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಅಲ್ಲಿಗೆ ಹೋಗಿ 56 ಲೀವ್ರ್ (ಅಂದಿನ ಫ್ರೆಂಚ್ ನಾಣ್ಯ) ಕಟ್ಟಿಬಿಡುತ್ತಾನೆ. ಮನೆಯವರು ಕಾಲಿಗೆ ಬೀಳುತ್ತಾರೆ. ಇವನ ಕಣ್ಣಲ್ಲೂ ನೀರು! ಒಳ್ಳೆಯದು ಮಾಡುವುದರಲ್ಲಿ ಇಷ್ಟು ಸುಖವಿದೆಯೇ, ಹಾಗಾದರೆ ಪುಣ್ಯವಂತರದೇನು ಹೆಚ್ಚುಗಾರಿಕೆ ಎಂದು ಅಚ್ಚರಿಪಡುತ್ತಾನೆ. ಮುಂದಿನ ಪತ್ರದಲ್ಲೇ ತೂರ್ವೆಲ್ ಅವನ ಪರ ವಕಾಲತ್ತು ವಹಿಸುತ್ತಾಳೆ. ಅವಳನ್ನು ಬೀಳಿಸಿದ್ದು ಅವಳ ಒಳ್ಳೆಯತನವೇ. ಕೆಟ್ಟ ಗುಣವೊಂದಿದ್ದಿದ್ದರೆ ಬಹುಶಃ ಉಳಿದುಕೊಳ್ಳುತ್ತಿದ್ದಳು.

ಆ ವಯಸ್ಸಿನಲ್ಲಿ ಇದನ್ನೆಲ್ಲ ಓದಿ ನಕ್ಕಿದ್ದೆ. ನಲವತ್ತು ದಾಟಿದ ಮೇಲೆ ಮತ್ತೆ ಓದಿದಾಗ ತೊಂಬತ್ತಾರನೆಯ ಪತ್ರದಲ್ಲಿ ನಿಂತುಬಿಟ್ಟೆ. ಸೆಸಿಲ್‌ಳ ಪ್ರಿಯಕರ ದಾನ್ಸೆನಿಯ ಓಲೆ ತಲುಪಿಸುವ ನೆಪದಲ್ಲಿ ವಾಲ್ಮೋಂ ಅವಳ ಕೋಣೆಯ ಬೀಗದ ಕೈ ಗಿಟ್ಟಿಸಿಕೊಂಡಿದ್ದಾನೆ. ಬಾಗಿಲು ಸದ್ದು ಮಾಡದಿರಲಿ ಎಂದು ಕೀಲಿಗೆ ಹಚ್ಚಲು ಎಣ್ಣೆ, ಹಕ್ಕಿಯ ಗರಿಯನ್ನೂ ಮೊದಲೇ ಒದಗಿಸಿದ್ದಾನೆ. ನಡುರಾತ್ರಿ ಒಳಬಂದವನನ್ನು ಕಂಡು ಅವಳು ಕೂಗಲು ಹೊರಟರೆ, ಕೂಗು, ನಿನ್ನ ತಾಯಿ ಬರುತ್ತಾಳೆ, ಬೀಗದ ಕೈ ಕೊಟ್ಟವರು ಯಾರೆಂದು ಹೇಳುತ್ತೀಯೆ ಎಂಬ ಧಾಟಿಯ ವಾದ ಹೂಡುತ್ತಾನೆ. ಇದನ್ನೆಲ್ಲ ಮೆರ್ತೇಯ್‌ಗೆ ವಿನೋದವಾಗಿ ಬರೆಯುತ್ತಾನೆ. ಪುಟ ಮಗುಚಿದರೆ ಅದೇ ರಾತ್ರಿಯ ಬಗ್ಗೆ ಸೆಸಿಲ್‌ಳ ಪತ್ರ. ಅಳುತ್ತಾಳೆ, ತಪ್ಪು ತನ್ನದೇ ಎನ್ನುತ್ತಾಳೆ. ಅದನ್ನೂ ಬರೆಯುವುದು ಮೆರ್ತೇಯ್‌ಗೇ! ಹುಡುಗಿಗೆ ಅವಳೇ ಆಪ್ತೆ. ಅತ್ಯಾಚಾರ ಎಂಬ ಪದವನ್ನು ಲಾಕ್ಲೋ ಇಲ್ಲಿ ಬಳಸುವುದಿಲ್ಲ. ಎರಡು ಪತ್ರಗಳನ್ನು ಅಕ್ಕಪಕ್ಕ ಇಟ್ಟು ಸುಮ್ಮನಾಗುತ್ತಾನೆ. ಮೊದಲ ಪತ್ರಕ್ಕೆ ನಕ್ಕವನು ಎರಡನೆಯದನ್ನು ಓದುವಾಗ ಏನು ಮಾಡಬೇಕು? ಈ ಪುಸ್ತಕದ ನೀತಿ ಇರುವುದು ಅಲ್ಲಿ ಎಂದು ನನಗೆ ಅನಿಸುತ್ತದೆ.

ಕೊನೆಯಲ್ಲಿ ಪಾಪಿಗಳಿಗೆ ಶಿಕ್ಷೆಯಾಗುತ್ತದಲ್ಲ ಎಂದು ಕೆಲವರು ಸಮರ್ಥಿಸುವುದುಂಟು. ವಾಲ್ಮೋಂ ದ್ವಂದ್ವಯುದ್ಧದಲ್ಲಿ ಸಾಯುತ್ತಾನೆ, ಮೆರ್ತೇಯ್‌ಗೆ ಸಿಡುಬು ಬಂದು ಒಂದು ಕಣ್ಣು ಹೋಗುತ್ತದೆ, ಮೊಕದ್ದಮೆಯೂ ಸೋಲುತ್ತದೆ. ಹರಿಕಥೆಯ ಮಂಗಳದಂತಿರುವ ಈ ಅವಸರ ನನ್ನನ್ನು ಒಪ್ಪಿಸಲಿಲ್ಲ. ಲಾಕ್ಲೋ ಕೂಡ ಒಪ್ಪಿದಂತೆ ಕಾಣುವುದಿಲ್ಲ: ಎಲ್ಲರೂ ಸಭ್ಯರಾಗಿರುವ ನಮ್ಮ ಜ್ಞಾನೋದಯದ ಕಾಲದಲ್ಲಿ ಇಂಥವರು ಇರಲು ಸಾಧ್ಯವೇ ಇಲ್ಲ ಎಂದು ಪ್ರಕಾಶಕನ ಹೆಸರಿನ ಟಿಪ್ಪಣಿಯಲ್ಲಿ ಮೊದಲೇ ಚುಚ್ಚಿಬಿಟ್ಟಿದ್ದಾನೆ.

ನಿಜವಾದ ಶಿಕ್ಷೆ ಅದಕ್ಕೂ ಮುಂಚೆಯೇ ಆಗಿರುತ್ತದೆ. ವಾಲ್ಮೋಂ ತೂರ್ವೆಲ್‌ಳನ್ನು ಗೆಲ್ಲುತ್ತಾನೆ, ಗೆದ್ದ ಮೇಲೆ ಪ್ರೀತಿಸತೊಡಗುತ್ತಾನೆ. ಮೆರ್ತೇಯ್ ಗೇಲಿ ಮಾಡಿ, ಬೇಸರ ಬಂದಿದೆ, ತಪ್ಪು ನನ್ನದಲ್ಲ ಎಂಬ ಪಲ್ಲವಿಯ ಪತ್ರವೊಂದನ್ನು ಯಾರದೋ ಕಥೆಯೊಳಗೆ ಸೇರಿಸಿ ಕಳಿಸುತ್ತಾಳೆ. ಅವನು ಅದನ್ನು ನಕಲು ಮಾಡಿ ತೂರ್ವೆಲ್‌ಗೆ ರವಾನಿಸುತ್ತಾನೆ, ಅವಳು ಕಾನ್ವೆಂಟು ಸೇರುತ್ತಾಳೆ, ಕೊನೆಗೆ ಅಲ್ಲೇ ಸಾಯುತ್ತಾಳೆ. ಅವಳು ಸಾಯುವ ಮುಂಚೆಯೇ ಮೆರ್ತೇಯ್ ವಾಲ್ಮೋಂಗೆ ತಿಳಿಸುತ್ತಾಳೆ, ನಾನು ಗೆದ್ದದ್ದು ಅವಳನ್ನಲ್ಲ, ನಿನ್ನನ್ನು ಎಂದು. ಊರಿಗೆಲ್ಲ ಗಾಳ ಹಾಕಿದವನು ತನ್ನ ಜಂಬದ ಗಾಳಕ್ಕೇ ಸಿಕ್ಕಿಬಿದ್ದ.

ಮೆರ್ತೇಯ್‌ಳನ್ನು ರಾಕ್ಷಸಿ ಎಂದು ಬದಿಗೆ ಸರಿಸಲೂ ಆಗದು. ಎಂಬತ್ತೊಂದನೆಯ ಪತ್ರದಲ್ಲಿ ಅವಳು ತನ್ನ ಕಥೆ ಹೇಳಿಕೊಳ್ಳುತ್ತಾಳೆ: ಮುಖದಲ್ಲಿ ಸಂತೋಷ ತೋರಿಸುವುದನ್ನು ಕಲಿಯಲು ತನಗೆ ತಾನೇ ನೋವು ಮಾಡಿಕೊಂಡು ಅಭ್ಯಾಸ ಮಾಡಿದವಳು. ಗಂಡಸು ಸೋತರೆ ಒಂದು ಗೆಲುವು ತಪ್ಪಿತಷ್ಟೆ, ಹೆಣ್ಣು ಸೋತರೆ ಬದುಕೇ ಹೋಯಿತು ಎಂಬ ಅವಳ ಲೆಕ್ಕದಲ್ಲಿ ನನಗೆ ತಪ್ಪು ಸಿಗಲಿಲ್ಲ. ಆ ಲೆಕ್ಕ ತಿಳಿದೂ ಸೆಸಿಲ್‌ಳನ್ನು ಬಲಿಕೊಟ್ಟಳಲ್ಲ, ಅದನ್ನು ಮಾತ್ರ ಕ್ಷಮಿಸಲಾರೆ.

ನಿಮ್ಮ ಪ್ರಶ್ನೆಗೆ ಮುನ್ನುಡಿಯಲ್ಲೇ ಒಂದು ಉತ್ತರವಿದೆ. ಹಸ್ತಪ್ರತಿ ಓದಿದ ತಾಯಿಯೊಬ್ಬಳು, ಮಗಳ ಮದುವೆಯ ದಿನ ಇದನ್ನು ಕೊಟ್ಟರೆ ಅವಳಿಗೆ ದೊಡ್ಡ ಉಪಕಾರವಾದೀತು ಎಂದಳಂತೆ. ಮದುವೆಯ ತನಕ ಕಾಯುವುದು ತೀರಾ ತಡವಾಯಿತು ಎನ್ನುತ್ತೇನೆ ನಾನು. ಸೆಸಿಲ್‌ಗೆ ಹದಿನೈದು ವರ್ಷ.