ಉ: ಗಣಿತದ ದಿನ ಕವರ್ ಕತ್ತರಿಸುವ ಮುನ್ನ ಏನೇನು ನೋಡಬೇಕು?

ಎಸ್‌ಎಸ್‌ಎಲ್‌ಸಿ ಗಣಿತಕ್ಕೆ ಮೊದಲ ಸಲ ಕೊಠಡಿ ಮೇಲ್ವಿಚಾರಣೆ, ಪ್ರಶ್ನೆಪತ್ರಿಕೆ ಕವರ್ ಒಡೆಯುವಾಗ ಯಾವುದಕ್ಕೆ ಹೆದರಬೇಕು ಅಂತ ಕೇಳಿದ್ದೀರಿ. ಸೋರಿಕೆಗಿಂತ ಮೊದಲು ತಪ್ಪು ಕವರ್‌ಗೆ ಹೆದರಿ ಮೇಡಂ.

ಕವರ್ ಮೇಲೆ ಗಣಿತದ ಸಂಕೇತ 81 ಕಂಡ ಕೂಡಲೇ ಕತ್ತರಿ ಹಾಕಬೇಡಿ. 81-ಕೆ ಕನ್ನಡ ಮಾಧ್ಯಮ, 81-ಇ ಇಂಗ್ಲಿಷ್ ಮಾಧ್ಯಮ. ಎಡವುವುದು ಆ ಒಂದು ಅಕ್ಷರದಲ್ಲೇ. ವಿಷಯ, ಸಂಕೇತ, ದಿನಾಂಕ, ಪ್ರತಿಗಳ ಸಂಖ್ಯೆ ನಾಲ್ಕನ್ನೂ ಬಾಯಿಬಿಟ್ಟು ಓದಿ, ಪಕ್ಕದವರು ವೇಳಾಪಟ್ಟಿಯಲ್ಲಿ ತಾಳೆ ನೋಡಲಿ. ಅಂಚು, ಅಂಟು, ಮೂಲೆ ಬೆರಳಾಡಿಸಿ ನೋಡಿ. ಮೂಲೆ ಸ್ವಲ್ಪ ಎದ್ದಿದ್ದರೂ ಒಡೆಯದೆ ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರಿಗೆ ಒಪ್ಪಿಸಿ, ಬರವಣಿಗೆಯಲ್ಲಿ ದಾಖಲಿಸಿ. ಒಡೆದ ಮೇಲೆ ಹೇಳಿದರೆ ಯಾರೂ ನಂಬಲ್ಲ.

ಇನ್ನು ಗೈರುಹಾಜರಾದವರ ಪ್ರತಿಗಳು. ಮೇಜಿನ ಮೇಲೆ ಬಿಟ್ಟಿರುತ್ತಾರೆ, ಒಂದು ಫೋಟೋ ಸಾಕು, ಹತ್ತು ನಿಮಿಷದಲ್ಲಿ ಇಡೀ ತಾಲ್ಲೂಕಿನ ವಾಟ್ಸಾಪ್‌ನಲ್ಲಿ ಹರಿದಾಡುತ್ತದೆ. ಹಂಚಿದ್ದು, ಉಳಿದದ್ದು ಕೂಡಿಸಿ ಕವರ್‌ನ ಸಂಖ್ಯೆಗೆ ಸರಿಹೊಂದಿಸಿ, ಉಳಿದದ್ದನ್ನು ತಕ್ಷಣ ವಾಪಸ್ ಕಳಿಸಿ. ನಿಮ್ಮ ಮೊಬೈಲ್ ಕೂಡ ಒಳಗೆ ಬೇಡ, ಗೇಟಿನಲ್ಲೇ ಮೊಬೈಲ್‌ಗಳನ್ನು ಪಡೆದಿಟ್ಟುಕೊಳ್ಳುವ ಸ್ವಾಧೀನಾಧಿಕಾರಿಗೆ ಕೊಟ್ಟುಬಿಡಿ.

ವೆಬ್‌ಕಾಸ್ಟಿಂಗ್ (ಕೊಠಡಿಯ ಕ್ಯಾಮೆರಾ ದೃಶ್ಯವನ್ನು ದೂರದಿಂದಲೇ ನೇರವಾಗಿ ನೋಡುವ ವ್ಯವಸ್ಥೆ) ಇದೆಯಲ್ಲ ಅಂತ ಕುರ್ಚಿಗೆ ಅಂಟಿಕೊಳ್ಳಬೇಡಿ. ಕ್ಯಾಮೆರಾಗೆ ಕೊಠಡಿ ಕಾಣುತ್ತದೆ, ಡೆಸ್ಕಿನ ಕೆಳಗಿನ ಚೀಟಿ ಕಾಣಲ್ಲ. ಹಾಗಂತ ಮಕ್ಕಳ ತಲೆಯ ಮೇಲೆ ನಿಲ್ಲುವುದೂ ಬೇಡ, ಹೆದರಿದ ಮಗು ಬರುವ ಲೆಕ್ಕವನ್ನೂ ತಪ್ಪು ಮಾಡುತ್ತದೆ. ಹಿಂದಿನ ಗೋಡೆ ಹತ್ತಿರ ನಿಲ್ಲಿ: ನೀವು ಎತ್ತ ನೋಡುತ್ತಿದ್ದೀರಿ ಅಂತ ಅವರಿಗೆ ತಿಳಿಯಲ್ಲ.

ಹೆಚ್ಚುವರಿ ಹಾಳೆ ಕೊಟ್ಟಾಗಲೆಲ್ಲ ಅಲ್ಲೇ ಬರೆದುಕೊಳ್ಳಿ.