ಚಪ್ಪಾಳೆ ಕೂಡದಿದ್ದರೂ ಪಾಠ ಕೂಡುತ್ತದೆ

ಪ್ರಶ್ನೆ: ನಾನು ಕೊಳಲು ನುಡಿಸುತ್ತೇನೆ. ಒಂದು ಶಾಲೆಯವರು ಅತಿಥಿಯಾಗಿ ಆನ್‌ಲೈನ್‌ನಲ್ಲಿ ಮಕ್ಕಳಿಗೆ 40 ನಿಮಿಷ ನುಡಿಸಿ, ಸ್ವಲ್ಪ ಕಲಿಸಿ ಅಂತ ಕರೆದಿದ್ದಾರೆ. ಆರನೇ ತರಗತಿ, ಎಲ್ಲರೂ ಒಂದೇ ಕೋಣೆಯಲ್ಲಿ ಕೂತಿರುತ್ತಾರೆ. ಗೆಳೆಯರ ಜೊತೆ ಮಾಡಿ ನೋಡಿದೆ. ತಾಳ ಕೂಡಲೇ ಇಲ್ಲ, ಶ್ರುತಿಪೆಟ್ಟಿಗೆ ಅವರಿಗೆ ಕೇಳಿಸಲೇ ಇಲ್ಲವಂತೆ. ಒಪ್ಪಿಕೊಳ್ಳಲೋ ಬೇಡವೋ?

ಉತ್ತರ: ಖಂಡಿತ ಒಪ್ಪಿಕೊಳ್ಳಿ. ಆದರೆ ಮಕ್ಕಳ ಜೊತೆ ಒಟ್ಟಿಗೆ ನುಡಿಸುವ ಆಸೆಯನ್ನು ಮೊದಲೇ ಬಿಟ್ಟುಬಿಡಿ.

ತಾಳ ಕೂಡದಿದ್ದದ್ದು ನಿಮ್ಮ ತಪ್ಪಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ವಿಡಿಯೊ ಕರೆಯಲ್ಲಿ ನಿಮ್ಮ ಸದ್ದು 150 ಮಿಲಿಸೆಕೆಂಡ್ ತಡವಾಗಿ ತಲುಪಿತು ಅಂದರೆ, 50 ಮೀಟರಿಗಿಂತ ದೂರ ನಿಂತು ಒಬ್ಬರಿಗೊಬ್ಬರು ತಾಳ ಹಾಕಿದ ಹಾಗೆ. ನೀವು ಅವರಿಗೆ ಕಾಯುತ್ತೀರಿ, ಅವರು ನಿಮಗೆ ಕಾಯುತ್ತಾರೆ, ಹೀಗೆ ಲಯ ಎಳೆದುಕೊಂಡೇ ಹೋಗುತ್ತದೆ. ನನ್ನ ಮೊದಲ ಆನ್‌ಲೈನ್ ತರಗತಿಯಲ್ಲೂ ಇದೇ ಆಯಿತು, ಮಕ್ಕಳ ಮುಖ ಬಾಡಿದ್ದು ಇನ್ನೂ ಕಣ್ಣ ಮುಂದಿದೆ.

ಅದಕ್ಕೇ ಸರದಿ ಪದ್ಧತಿ ಇಟ್ಟುಕೊಳ್ಳಿ. ನೀವು ನಾಲ್ಕು ಸ್ವರ ನುಡಿಸಿ ನಿಲ್ಲಿಸಿ, ಅವರು ಹಾಡಿ ತಿರುಗಿ ಕೊಡಲಿ. ಅವರು ಮುಗಿಸಿದ ಮೇಲೂ ಒಂದು ಉಸಿರಿನಷ್ಟು ಕಾಯಿರಿ, ಕೊನೆಯ ಸ್ವರ ಆಗಷ್ಟೇ ನಿಮ್ಮನ್ನು ಮುಟ್ಟುತ್ತಿರುತ್ತದೆ. ತಾಳವನ್ನು ಕೋಣೆಯಲ್ಲಿರುವ ಟೀಚರ್ ಹಾಕಲಿ. ಹಿಂದಿನ ದಿನವೇ ಅವರ ಜೊತೆ ಹತ್ತು ನಿಮಿಷ ಮಾತಾಡಿ, ಅಲ್ಲಿ ನಿಮಗೆ ಕೈಯೂ ಕಿವಿಯೂ ಅವರೇ ಅಲ್ವಾ.

ಶ್ರುತಿ ಮಾಯವಾಗುವುದಕ್ಕೆ ಕಾರಣ ಬೇರೆ. ಕರೆಯ ಆಪ್‌ಗಳು ಮಾತಿಗೆಂದು ಮಾಡಿದವು, ಒಂದೇ ಸಮ ಮೊಳಗುವ ಸದ್ದನ್ನು ಫ್ಯಾನಿನ ಗದ್ದಲ ಅಂತ ತಿಳಿದು ಅಳಿಸಿಬಿಡುತ್ತವೆ. ಕೊಳಲಿನ ದೀರ್ಘ ಸ್ವರಕ್ಕೂ ಇದೇ ಗತಿ ಬರಬಹುದು. ಜೂಮ್‌ನಲ್ಲಿ ಆಡಿಯೊ ಸೆಟ್ಟಿಂಗ್ಸ್‌ಗೆ ಹೋಗಿ 'ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್' ಆನ್ ಮಾಡಿ. ಪ್ರತಿಧ್ವನಿ ತಡೆಯುವ ಎಕೋ ಕ್ಯಾನ್ಸಲೇಶನ್ ಆಫ್ ಮಾಡುವುದಾದರೆ ಮಾತ್ರ ನೀವು ಹೆಡ್‌ಫೋನ್ ಹಾಕಲೇಬೇಕು. ವೈಫೈ ಬದಲು ಕೇಬಲ್ ಸಿಕ್ಕರೆ ಇನ್ನೂ ಒಳ್ಳೆಯದು. ಮಕ್ಕಳು ಹಾಡುವಾಗ ಬೇಕಾದ ಶ್ರುತಿಯನ್ನು ಅವರ ಕೋಣೆಯಲ್ಲೇ ಹಾಕಿಸಿ.

ಇನ್ನು, ಆನ್‌ಲೈನ್‌ನಲ್ಲಿ ವೇದಿಕೆಗಿಂತ ಚೆನ್ನಾಗಿ ಆಗುವ ಕೆಲಸವೊಂದಿದೆ, ಅದನ್ನು ಸುಮ್ನೆ ಕಳೆದುಕೊಳ್ಳಬೇಡಿ. ಕಛೇರಿಯಲ್ಲಿ ಹಿಂದಿನ ಸಾಲಿನವರಿಗೆ ನಿಮ್ಮ ಬೆರಳೇ ಕಾಣುವುದಿಲ್ಲ. ಇಲ್ಲಿ ಕೊಳಲನ್ನು ಕ್ಯಾಮೆರಾ ಹತ್ತಿರ ತನ್ನಿ. ಬೆರಳು ಕೂದಲೆಳೆಯಷ್ಟು ಸರಿದರೂ ಸ್ವರ ಹೇಗೆ ಕೆಡುತ್ತದೆ ಅಂತ ನಿಧಾನವಾಗಿ ತೋರಿಸಿ. ಆಮೇಲೆ ಪ್ರತಿ ಮಗುವಿನ ಕೈಗೂ ಬೆರಳಗಲದ ತೆಳು ಕಾಗದದ ಪಟ್ಟಿ ಕೊಡಿಸಿ, ತುಟಿಯ ಮುಂದೆ ತೂಗುಹಾಕಿ ಊದಲು ಹೇಳಿ. ಪಟ್ಟಿ ಪಟಪಟ ಬಡಿಯದೆ ಓರೆಯಾಗಿ ಎಷ್ಟು ಹೊತ್ತು ನಿಲ್ಲುತ್ತದೆ, ನೋಡಲಿ. ಕೊಳಲಿಗೆ ಬೇಕಾದ ಉಸಿರು ಅದೇ. ಕೈಯಲ್ಲಿ ಕೊಳಲೇ ಇಲ್ಲದ ಮಕ್ಕಳೂ ಅವತ್ತು ಕೊಳಲಿನ ಮೊದಲ ಪಾಠ ಕಲಿತಿರುತ್ತಾರೆ.

ನೀವು ನುಡಿಸುವುದು ಐದೈದು ನಿಮಿಷದ ಎರಡು ತುಣುಕು ಸಾಕು, ಒಂದು ಶುರುವಿಗೆ, ಒಂದು ಕೊನೆಗೆ. ಪ್ರಶ್ನೆಗೆ ಜಾಸ್ತಿ ಹೊತ್ತು ಬಿಡಿ. ರೆಕಾರ್ಡ್ ಮಾಡುವ ಯೋಚನೆಯಿದ್ದರೆ ಪೋಷಕರ ಒಪ್ಪಿಗೆ ಪಡೆಯಲು ಶಾಲೆಗೆ ಇವತ್ತೇ ಹೇಳಿ.